ಬೀದಿಗೆಲ್ಲ ಒಂದೇ ನಂಬರ್

ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಕಳೆದ ಆಷಾಢದವರೆಗೂ ಹೆಚ್ಚುಕಡಿಮೆ ಎಲ್ಲ ಮನೆಗಳಿಗೂ ಒಂದೇ ಮೊಬೈಲ್ ನಂಬರ್ ಇತ್ತು. ಅದು ನನ್ನದು.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಬಿಡುವಾದಾಗ ನಿಮಗೆಲ್ಲ ಗೊತ್ತಿರುವ ಹಾಗೆ ಫೋನಿನಲ್ಲಿ ಏನಾದರೂ ಬರೆದು ಹಾಕುತ್ತೇನೆ. ಹಗಲೆಲ್ಲ ಮನೆಯಲ್ಲೇ ಇರುವವಳು, ಕರೆದರೆ ಫೋನ್ ಎತ್ತುವವಳು, ಚಾರ್ಜ್ ಇಲ್ಲ ಕರೆನ್ಸಿ ಇಲ್ಲ ಅಂತ ಯಾವತ್ತೂ ಅನ್ನದವಳು ಬೀದಿಯಲ್ಲಿ ನಾನೊಬ್ಬಳೇ. ಉಳಿದ ಹೆಂಗಸರು ಬೆಳಗಾಗುವ ಮುಂಚೆ ಚೆಂಡುಹೂವು ಕೀಳಲು ಹೊಲಕ್ಕೆ ಹೋದರೆ ವಾಪಸ್ಸು ಬರುವುದು ಮಧ್ಯಾಹ್ನದ ಮೇಲೆ. ಅವರ ಮನೆಗಳಲ್ಲೂ ಫೋನ್ ಇದೆ. ಆದರೆ ಅದು ಗಂಡನ ಜೇಬಿನಲ್ಲಿರುತ್ತದೆ, ಗಂಡ ಎಲ್ಲಿರುತ್ತಾನೋ ಗೊತ್ತಿರುವುದಿಲ್ಲ, ಯಾವುದೋ ಆಫರ್ ಬಂತು ಅಂತ ಅವನು ಸಿಮ್ ಬದಲಾಯಿಸಿರುತ್ತಾನೆ. ಹಾಗಾಗಿ ರೇಷನ್ ಕಾರ್ಡಿಗೆ ನಂಬರ್ ಕೊಡಿ ಅಂದರೆ ನನ್ನದು. ಗ್ಯಾಸಿಗೆ ನನ್ನದು. ಬ್ಯಾಂಕಿಗೆ, ಆಧಾರಿಗೆ, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಎಲ್ಲಕ್ಕೂ ನನ್ನದೇ.

ಒಟಿಪಿ ಬಂದರೆ ಹೇಗೆ ತಲುಪಿಸುತ್ತಿದ್ದೆ ಅನ್ನುತ್ತೀರಾ? ಕೂಗುತ್ತಿದ್ದೆ.

"ಅಕ್ಕೋ, ಬಂತಾ?" ಅಂತ ಆ ಕಡೆಯಿಂದ ಯಾರಾದರೂ ಕೇಳುವರು.

"ಬಂತು ಕಣಮ್ಮಿ, ಕೇಳ್ಕೊ! ನಾಕು, ಸೊನ್ನ, ಒಂಬತ್ತು..."

ನಾನು ಮೆಷಿನ್ ತುಳಿಯುವುದನ್ನು ನಿಲ್ಲಿಸದೆ ಕೂಗಿದರೆ, ಜಗಲಿಯ ಮೇಲೆ ಕೂತ ಅಜ್ಜ ಒಬ್ಬರು ಕಿವಿ ಮಂದವಾದವರಿಗೆ ಅಂತ ಇನ್ನೊಂದು ಸಲ ಕೂಗುತ್ತಿದ್ದರು. ಗುಟ್ಟಾಗಿಡಿ, ಯಾರಿಗೂ ಹೇಳಬೇಡಿ ಅಂತ ಅದೇ ಮೆಸೇಜಿನಲ್ಲಿ ಬರೆದಿರುತ್ತಿತ್ತು. ಬೀದಿಯವರು ಯಾರೋ ಏನು? ನಮ್ಮವರೇ ಅಲ್ಲವೇ?

ಆಷಾಢದ ಒಂದು ಬೆಳಿಗ್ಗೆ ನನ್ನ ಫೋನಿಗೆ ಮದುವೆ ಪತ್ರಿಕೆ ಬಂತು. ಕಳಿಸಿದ್ದು ತೆರಕಣಾಂಬಿಯ ನನ್ನ ಹಳೆಯ ಗಿರಾಕಿಯೊಬ್ಬಳ ನಂಬರಿನಿಂದ. ಅವರ ಮನೆಯಲ್ಲಿ ಮದುವೆ ಅಂದರೆ ನನಗೆ ಬ್ಲೌಸ್ ಹಬ್ಬ. ಅದಿರಲಿ, ನಮ್ಮ ಕಡೆ ಪತ್ರಿಕೆ ಬಂದರೆ ತೆರೆಯದೆ ಇಡುವುದುಂಟೇ? ಮದುವೆಗೆ ಹೋಗದಿದ್ದರೂ ಪತ್ರಿಕೆಯನ್ನಂತೂ ಓದಲೇಬೇಕು. ಸುಖಾಗಮನ ಬಯಸುವವರ ಸಾಲಿನಲ್ಲಿ ಯಾರ ಹೆಸರಿದೆ, ಯಾವ ಸೋದರಮಾವನನ್ನು ಬಿಟ್ಟಿದ್ದಾರೆ, ಚಿಕ್ಕಪ್ಪನ ಹೆಸರು ದೊಡ್ಡಪ್ಪನಿಗಿಂತ ಮೇಲೆ ಹೇಗೆ ಬಂತು ಎಂಬುದೆಲ್ಲ ತಿಳಿಯುವುದು ಅಲ್ಲಿಯೇ.

ಒತ್ತಿದೆ. ಅದೇನೋ ಇಳಿಸಿಕೊಳ್ಳಬೇಕು ಅಂತು. ಸರಿ ಅಂದೆ. ನಿಮ್ಮ ಮೆಸೇಜ್ ಓದಲೇ ಅಂತು. ಓದು ಅಂದೆ. ನಿಮ್ಮ ಕಾಂಟ್ಯಾಕ್ಟ್ ನೋಡಲೇ ಅಂತು. ನೋಡು ಅಂದೆ. ಕೈಯಲ್ಲಿ ಕತ್ತರಿ, ಬಾಯಲ್ಲಿ ಗುಂಡುಸೂಜಿ, ಮೇಜಿನ ಮೇಲೆ ಫೋನ್. ಹೆಬ್ಬೆಟ್ಟಿನಲ್ಲಿ ಹೂಂ ಹೂಂ ಅಂತ ಒತ್ತುತ್ತಲೇ ಹೋದೆ. ಕೊನೆಗೆ ಗಂಡೂ ಇಲ್ಲ, ಹೆಣ್ಣೂ ಇಲ್ಲ, ಗಣಪತಿ ಚಿತ್ರವೂ ಇಲ್ಲ. ಬಿಳಿ ಪರದೆ. ನೆಟ್‌ವರ್ಕ್ ಸರಿ ಇಲ್ಲ ಅಂದುಕೊಂಡು ತೋಳು ಕತ್ತರಿಸಲು ಕೂತೆ.

ಅರ್ಧ ಗಂಟೆಯೂ ಆಗಿರಲಿಕ್ಕಿಲ್ಲ, ಚಂದಕವಾಡಿಯಿಂದ ನನ್ನ ಸೋದರತ್ತೆಯ ಫೋನ್. ಅಪ್ಪನ ಅಕ್ಕ. ಅವರು ಫೋನಿನಲ್ಲಿ ಮಾತಾಡಿದರೆ ಫೋನೇ ಬೇಡ, ಚಂದಕವಾಡಿಯಿಂದ ಹಾಗೇ ಕೇಳಿಸುತ್ತದೆ.

"ಏನಮ್ಮಿ, ಮನೇಲಿ ಮದ್ವ ಇಟ್ಕಂಡು ಫೋನಲ್ಲಿ ಪತ್ರಿಕ ಬುಡ್ತೀಯಾ? ನಾನೇನ್ ಸತ್ತೋಗಿದ್ದನಾ?"

"ಯಾವ್ ಮದ್ವ ಅತ್ತ?"

"ನನ್ನೇ ಕೇಳು! ಮೊಮ್ಮಗಳು ತೋರಿಸುದ್ಲು, ನಿನ್ ಹೆಸ್ರಲ್ಲೇ ಬಂದದ ಪತ್ರಿಕ. ತೆಗೀಬ್ಯಾಡ ಕಣಮ್ಮಿ ಅಂದಿ ನಾನು. ಮನಗ ಬಂದು ಕುಂಕುಮ ಇಟ್ಟು ಕರೀದೆ ಇರೋ ಮದ್ವ ನಂಗ್ಯಾಕ? ಮುಟ್ಟೇ ಇಲ್ಲ ಅದ್ನ."

"ಮುಟ್ಟಿಲ್ವಾ?"

"ಮುಟ್ಟಾಕಿಲ್ಲ ಅಂದ್ರ ಮುಟ್ಟಾಕಿಲ್ಲ!"

ಇಟ್ಟುಬಿಟ್ಟರು. ಅದರ ಹಿಂದೆಯೇ ಇನ್ನೊಂದು ಫೋನ್, ಮತ್ತೊಂದು. ಕೊನೆಗೆ ಗಿರಾಕಿಯೊಬ್ಬಳು ಬಲು ಮೆತ್ತಗೆ, ಯಾರಾದರೂ ಸತ್ತರೆ ಕೇಳುವ ಧ್ವನಿಯಲ್ಲಿ, "ಅಕ್ಕ, ಅಣ್ಣಂಗ ಎರಡ್ನೇ ಮದ್ವನಾ?" ಅಂದಳು. ನನಗೆ ಇರುವುದು ಒಂಬತ್ತನೇ ಕ್ಲಾಸಿನ ಒಬ್ಬ ಮಗ. ಮನೆಯಲ್ಲಿ ಮದುವೆ ಅಂದರೆ ಇನ್ನಾರದ್ದು ಅಂತ ಅವಳು ತಾನೇ ಲೆಕ್ಕ ಹಾಕಿದ್ದಳು.

ಆಗ ನನಗೆ ಹೊಳೆಯಿತು. ನಾನು ಒತ್ತಿದ ಆ ಪತ್ರಿಕೆ ನನ್ನ ಫೋನಿನೊಳಗೆ ಕೂತು, ನನ್ನ ಹೆಸರಿನಲ್ಲಿ ನನ್ನ ಪರಿಚಯದವರಿಗೆಲ್ಲ ಹೋಗುತ್ತಿದೆ. ನನ್ನದು ಹೋದರೆ ಹೋಗಲಿ ಅನ್ನಬಹುದಿತ್ತು. ಬೀದಿಯ ಎಲ್ಲರ ಬ್ಯಾಂಕು, ಎಲ್ಲರ ಆಧಾರು ಆ ಫೋನಿನಲ್ಲೇ ಬಂದು ಬೀಳುತ್ತಿತ್ತಲ್ಲ.

ಗಂಡನಿಗೆ ಫೋನ್ ಮಾಡುವ ಮೊದಲೇ ಅವರೇ ಬಂದರು. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈಗೆ ಗ್ರೀಸು ಮೆತ್ತಿಕೊಂಡೇ ಬಂದಿದ್ದರು.

"ಡಿಪೋದೋರೆಲ್ಲ ಕೈ ಕುಲುಕ್ತಾ ಅವ್ರೆ. ನನ್ ಮದ್ವಗೆ ನನ್ನೂ ಕರ್ದಿದ್ದೀಯಲ್ಲ, ಸಂತೋಸ. ಎಣ್ಣು ಯಾರು?"

"ತಮಾಸೆ ಸಾಕು. ಪತ್ರಿಕ ಅಂತ ತೆಗ್ದುಬುಟ್ಟೆ."

"ಆಸಾಡದಲ್ಲಿ ಯಾವ್ನಮ್ಮಿ ಮದ್ವ ಪತ್ರಿಕ ಅಂಚ್ತಾನ?"

ಕಳ್ಳ ಎಲ್ಲಿಯವನೋ, ಅವನಿಗೆ ನಮ್ಮ ಪಂಚಾಂಗ ತಿಳಿಯದು. ನನಗೆ ತಿಳಿದಿತ್ತು. ಶ್ರಾವಣದ ಮದುವೆಗೆ ಮುಂಚೆಯೇ ಕರೆಯುತ್ತಿದ್ದಾರೆ ಅಂತ ನಾನೇ ಅವನ ಪರವಾಗಿ ಸಮಾಧಾನ ಹೇಳಿಕೊಂಡಿದ್ದೆ.

ಗಂಡ ನನ್ನ ಗುಂಡುಸೂಜಿಯಲ್ಲೇ ಚುಚ್ಚಿ ಸಿಮ್ ಹೊರಗೆ ತೆಗೆದರು, ಫೋನ್ ಆಫ್ ಮಾಡಿದರು, ಅವರ ಫೋನಿನಿಂದ ನಮ್ಮ ಬ್ಯಾಂಕಿಗೆ ಹೇಳಿ ನನ್ನ ಖಾತೆಯಿಂದ ಫೋನ್ ಮೂಲಕ ಏನೂ ಹೋಗದಂತೆ ನಿಲ್ಲಿಸಿದರು. ಸೈಬರ್ ಸಹಾಯವಾಣಿಗೂ ಹೇಳಿ ದೂರು ಬರೆಸಿದರು. ಖಾತೆಯಿಂದ ಇನ್ನೂ ದುಡ್ಡೇನೂ ಹೋಗಿರಲಿಲ್ಲ.

"ಈ ಸಿಮ್ ಬ್ಲಾಕ್ ಮಾಡ್ಸಿ ಒಸ ಸಿಮ್ ತಕಳನ. ಪೀಡೆ ಓಯ್ತದ" ಅಂದರು.

ಅಷ್ಟರಲ್ಲಿ ಎದುರು ಮನೆಯ ಹುಡುಗಿ ಬಾಗಿಲಿಗೆ ಬಂದಳು. ಅವಳ ಅಮ್ಮನೂ ಹೂವು ಕೀಳುವವಳೇ. ಹುಡುಗಿ ಆ ವರ್ಷ ಪಿಯುಸಿ ಮುಗಿಸಿ ನರ್ಸಿಂಗಿಗೆ ಹಾಕಿದ್ದಳು. ಚಾಮರಾಜನಗರದಲ್ಲೇ ಸರ್ಕಾರಿ ಸೀಟು ಸಿಕ್ಕಿದೆ ಅಂತ ಹಿಂದಿನ ದಿನವಷ್ಟೇ ನನಗೆ ಸಕ್ಕರೆ ಕೊಟ್ಟು ಹೋಗಿದ್ದಳು. ಮುಖ ನೋಡಿದರೆ ಈಗ ಸಕ್ಕರೆಯ ಕಳೆ ಇರಲಿಲ್ಲ.

"ದೊಡ್ಡಮ್ಮ, ಫೋನ್ ಕೆಟ್ಟೋಯ್ತಂತಲ್ಲ? ನಾಳ ಸಾಯಂಕಾಲದೊಳಗ ಸೀಟು ಒಪ್ಕಂಡಿದ್ದೀನಿ ಅಂತ ಕಂಪ್ಯೂಟರಲ್ಲಿ ಒತ್ಬೇಕು. ಅದ್ಕ ಒಟಿಪಿ ನಿಮ್ ನಂಬರ್ಗೇ ಬರೋದು."

"ನಂಬರ್ ಬದ್ಲಾಯ್ಸಾಕ ಆಗಲ್ವಾ?"

"ಅದ್ಕೂ ಮೊದ್ಲು ನಿಮ್ ನಂಬರ್ಗೇ ಒಟಿಪಿ ಬರ್ತದ ದೊಡ್ಡಮ್ಮ."

"ಒತ್ತದೆ ಇದ್ರ?"

"ಸೀಟು ಇನ್ನೊಬ್ರಿಗ ಓಯ್ತದ."

ಮೂವರೂ ಮೊಬೈಲ್ ಅಂಗಡಿಗೆ ಓಡಿದೆವು. ಅಂಗಡಿಯವನು ಅದೇ ನಂಬರಿನ ಹೊಸ ಸಿಮ್ ಕೊಡುತ್ತೇನೆ, ಆದರೆ ಅದು ಶುರುವಾಗುವುದು ರಾತ್ರಿಗೆ, ಆಮೇಲೂ ಒಂದು ದಿನ ಅದಕ್ಕೆ ಮೆಸೇಜ್ ಬರುವುದಿಲ್ಲ ಅಂದ. ಕಳ್ಳರು ಬೇರೆಯವರ ಹೆಸರಿನಲ್ಲಿ ಸಿಮ್ ಎತ್ತಿಕೊಂಡು ಒಟಿಪಿ ಕದಿಯುತ್ತಾರೆ ಅಂತ ಹಾಗೆ ನಿಯಮ ಮಾಡಿದ್ದಾರಂತೆ. ಒಳ್ಳೆಯ ನಿಯಮವೇ. ಆದರೆ ಸಿಮ್ ಬದಲಾಯಿಸಿದರೆ ಹುಡುಗಿಯ ಸೀಟು ಹೋಗುತ್ತದೆ, ಹಳೆಯದನ್ನು ಯಾವ ಫೋನಿಗೆ ಹಾಕಿದರೂ ಬೀದಿಯ ಮೆಸೇಜೆಲ್ಲ ಕಳ್ಳನ ಕೈಗೆ ಹೋಗುತ್ತದೆ ಅಂದುಕೊಂಡೆವು. ಸಿಮ್ಮನ್ನು ಕುಂಕುಮದ ಭರಣಿಯಲ್ಲಿ ಹಾಕಿಟ್ಟು, ಬೆಳಿಗ್ಗೆ ಚಾಮರಾಜನಗರದ ಸೈಬರ್ ಪೊಲೀಸರನ್ನೇ ಕೇಳೋಣ ಅಂತ ತೀರ್ಮಾನಿಸಿದೆವು. ಹುಡುಗಿಯ ಅಮ್ಮ ಮಾರನೆಯ ದಿನ ಹೂವಿಗೆ ಹೋಗುವುದಿಲ್ಲ ಅಂತ ಮೇಸ್ತ್ರಿಗೆ ಹೇಳಿ ಕಳಿಸಿದಳು. ಆಮೇಲೆ ಅದನ್ನೂ ಬದಲಾಯಿಸಿ, "ನಾನ್ ಬಂದು ಏನ್ ಮಾಡನಿ ಅಕ್ಕ? ನೀವೇ ಕರ್ಕಂಡೋಗಿ" ಅಂದಳು.

ಆ ಸಂಜೆ ಇನ್ನೊಂದು ಕೆಲಸ ಇತ್ತು. ಪತ್ರಿಕೆ ತೆರೆಯಬೇಡಿ ಅಂತ ಎಲ್ಲರಿಗೂ ಹೇಳಬೇಕು. ಗಂಡ ತಮ್ಮ ಫೋನಿನಿಂದ ಮೆಸೇಜ್ ಹಾಕಿದರು. ಒಂದಿಬ್ಬರು, "ಅಣ್ಣ, ನಿಮ್ದೂ ಹ್ಯಾಕ್ ಆಯ್ತಾ?" ಅಂತ ಮರು ಮೆಸೇಜ್ ಕಳಿಸಿದರು. ಅವರದ್ದೂ ತಪ್ಪಲ್ಲ. ಫೋನಿನಲ್ಲಿ ಬಂದ ಸುಳ್ಳನ್ನು ಫೋನಿನಲ್ಲೇ ಅಲ್ಲಗಳೆದರೆ ನಂಬುವುದು ಹೇಗೆ? ಮುಖ ತೊಳೆದು, ಸೀರೆ ಬದಲಾಯಿಸಿ, ನಿಜವಾದ ಮದುವೆಗೆ ಹೇಗೆ ಕರೆಯುತ್ತೇವೋ ಹಾಗೇ ಮನೆಮನೆಗೆ ಹೊರಟೆ.

ಸೀರೆ ಉಟ್ಟು ಹೊಸ್ತಿಲು ತುಳಿದವಳನ್ನು ಯಾರು ಹಾಗೇ ಕಳಿಸುತ್ತಾರೆ? ಪ್ರತಿ ಮನೆಯಲ್ಲೂ ಕುಂಕುಮ, ಹೂವು. ಎರಡು ಮನೆಯಲ್ಲಿ ಕಾಫಿ. ನಾನು ಕೂತು, "ನಂದೊಂದು ಮಾತು, ನನ್ನ ಹೆಸ್ರಲ್ಲಿ ಪತ್ರಿಕ ಬಂದ್ರ ತೆಗೀಬ್ಯಾಡಿ, ತೆಗ್ದಿದ್ರ ಈಗ್ಲೇ ಸಿಮ್ ಈಚೆಗ ತೆಗೀರಿ" ಅನ್ನುವುದು. ಅವರು, "ಅಯ್ಯೋ ಅಕ್ಕ, ಮತ್ತ ಮದ್ವ ಯಾವಾಗ?" ಅನ್ನುವುದು. ಪಕ್ಕದ ಬೀದಿಯ ಒಬ್ಬಳು ಆಗಲೇ ತೆರೆದುಬಿಟ್ಟಿದ್ದಳು. ಅವಳ ಗಂಡನ ಫೋನಿನಿಂದಲೂ ಸಿಮ್ ತೆಗೆಸಿದೆ, ಗುಂಡುಸೂಜಿ ಸೆರಗಿನಲ್ಲೇ ಇತ್ತು. "ನಿಮ್ ದೆಸೆಯಿಂದ ನಾಳ ನಮ್ ಬಾಳೆಕಾಯಿ ರೇಟೂ ಗೊತ್ತಾಗಲ್ಲ" ಅಂತ ಅವನು ಗೊಣಗಿದ. ಗೊಣಗಲಿ. ಮನೆಗೆ ಬಂದಾಗ ನನ್ನ ಹಣೆಯ ಮೇಲೆ ಕುಂಕುಮ ರೊಟ್ಟಿಯಷ್ಟು ದಪ್ಪ ಆಗಿತ್ತು. ಗಂಡ ಬಾಗಿಲಲ್ಲೇ ನಿಂತು, "ಎಣ್ಣು ಇವಳೇ ಅಂತ ಗೊತ್ತಾಗಿದ್ರ ನಾನು ಒಪ್ತಿದ್ದೆ ಕಣಪ್ಪ" ಅಂದರು. ಆ ಹೊತ್ತಿನಲ್ಲೂ ನಗು ಬಂತು.

ಬೆಳಿಗ್ಗೆ ಹುಡುಗಿಯನ್ನು ಕರೆದುಕೊಂಡು ಬಸ್ಸು ಹತ್ತಿದೆ. ರಸ್ತೆಯ ಎರಡೂ ಕಡೆ ಚೆಂಡುಹೂವು ಹಳದಿ ಕೇಸರಿ ಹಾಸಿಕೊಂಡಿತ್ತು. ಕೇರಳದ ಕಾರುಗಳು ನಿಂತು, ಜನ ಹೊಲದೊಳಗೆ ಇಳಿದು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬೇರೆ ದಿನವಾಗಿದ್ದರೆ ನಾನೂ ಒಂದು ತೆಗೆದು ನಿಮಗೆ ಹಾಕುತ್ತಿದ್ದೆ. ಹುಡುಗಿ ಹೂವಿನ ಕಡೆ ತಿರುಗಿಯೂ ನೋಡಲಿಲ್ಲ. ಅವಳಿಗೆ ಹೂವು ಅಂದರೆ ರಜಾದಿನಗಳಲ್ಲಿ ಅಮ್ಮನ ಜೊತೆ ಹೊತ್ತ ಮೂಟೆ.

"ಸಿಮ್ ತಂದ್ರಾ ದೊಡ್ಡಮ್ಮ?" ಅಂತ ತೆರಕಣಾಂಬಿ ಬರುವಷ್ಟರಲ್ಲಿ ಮೂರು ಸಲ ಕೇಳಿದಳು. ರವಿಕೆಯೊಳಗಿನ ಪರ್ಸು ತೆಗೆದು ತೋರಿಸಿದೆ. ಕುಂಕುಮ ಮೆತ್ತಿ ಸಿಮ್ ಕೆಂಪಗಾಗಿತ್ತು. ಸೆರಗಿನಿಂದ ಒರೆಸಿದೆ.

ಚಾಮರಾಜನಗರದ ಸೈಬರ್ ಠಾಣೆಯಲ್ಲಿ ಒಬ್ಬರು ಮೇಡಂ ಇದ್ದರು. ನಾನು ಕಥೆ ಶುರುಮಾಡಿ ಬ್ಲೌಸಿನಿಂದ ಬರುತ್ತಿದ್ದೆ, ಅವರು ಕೈ ಎತ್ತಿ ತಡೆದರು.

"ಮದುವೆ ಪತ್ರಿಕೆ ತಾನೆ? ಒತ್ತಿದ ಮೇಲೆ ಏನ್ ಮಾಡಿದ್ರಿ?"

"ನಮ್ಮೆಜಮಾನ್ರು ಸಿಮ್ ತೆಗೆದು ಫೋನ್ ಆಫ್ ಮಾಡಿದ್ರು. ಬ್ಯಾಂಕಿಗೆ ಹೇಳಿದ್ರು. ದೂರೂ ಬರೆಸಿದ್ರು."

"ಪುಣ್ಯ ಕಟ್ಕೊಂಡ್ರು. ಎಷ್ಟೋ ಜನ ನಾಚ್ಕೊಂಡು ಮೂರ್ ದಿನ ಸುಮ್ನಿದ್ದು ಆಮೇಲೆ ಬರ್ತಾರೆ. ಈಗೇನ್ ತೊಂದ್ರೆ?"

ಸೀಟಿನ ವಿಷಯ ಹೇಳಿದೆ. ಅವರು ಹುಡುಗಿಯನ್ನು ನೋಡಿದರು, ನನ್ನನ್ನು ನೋಡಿದರು.

"ಅಲ್ಲಮ್ಮ, ರೋಗ ಇರೋದು ಫೋನಲ್ಲಿ. ಸಿಮ್ಮಿಗೇನಾಗಿದೆ? ಒಂದು ಬಟನ್ ಫೋನ್ ತಗೊಂಡು ಅದಕ್ಕೆ ಹಾಕಿ. ಅದರೊಳಗೆ ಯಾವ ಪತ್ರಿಕೆಯೂ ಕೂರಕ್ಕಾಗಲ್ಲ. ನಿಮಗೆ ಬರೋ ಕರೆನ ಅವನು ಬೇರೆ ಕಡೆ ತಿರುಗಿಸಿದ್ದಾನಾ ಅಂತ ಮಾತ್ರ ಮೊದಲು ನೋಡ್ಬೇಕು."

ನೋಡಿದರು. ಫೋನ್ ಆಫ್ ಇದ್ದಾಗ ಬರುವ ಕರೆಗಳನ್ನು ತಿರುಗಿಸಿದ್ದ. ಅದನ್ನು ರದ್ದು ಮಾಡಿಸಿಕೊಟ್ಟರು. ಅವರ ಮುಂದೆಯೇ ಕೂತು ಎಲ್ಲ ಕಡೆಯ ಪಾಸ್‌ವರ್ಡ್ ಬದಲಾಯಿಸುವುದು ಹೇಗೆ, ನನ್ನ ಖಾತೆಯೊಳಗೆ ಬೇರೆ ಯಾರು ಕೂತಿದ್ದಾರೆ ಅಂತ ನೋಡಿ ಹೊರಗೆ ಹಾಕುವುದು ಹೇಗೆ, ಆಧಾರಿನ ಬೆರಳಚ್ಚಿಗೆ ಬೀಗ ಹಾಕುವುದು ಹೇಗೆ ಅಂತ ಹುಡುಗಿ ಕಲಿತುಕೊಂಡಳು. ನನಗೆ ಅರ್ಧ ತಲೆಗೆ ಹೋಯಿತು. ಹಳೆಯ ಫೋನಿನಲ್ಲಿರುವುದನ್ನೆಲ್ಲ ಅಳಿಸಿ, ಹೊಸದಾಗಿ ತಂದ ಹಾಗೆ ಮಾಡಬೇಕು ಅಂದಾಗ ಮಾತ್ರ ಬಾಯಿ ತೆರೆದೆ.

"ಅದ್ರಲ್ಲಿ ನಾನು ಅರ್ಧ ಬರೆದಿಟ್ಟ ಕಥೆಗಳಿವೆ ಮೇಡಂ."

"ಇನ್ನರ್ಧ ತಲೇಲಿ ಇದೆಯಲ್ಲ? ಮತ್ತೆ ಬರೀರಿ."

ಇಷ್ಟು ಖಡಕ್ಕಾಗಿ ಹೇಳುವವರನ್ನು ಕಂಡರೆ ನನಗೆ ಇಷ್ಟ. ಅಳಿಸಿದ್ದಾಯಿತು.

"ಕೊನೇ ಮಾತು" ಅಂದರು ಮೇಡಂ. "ಬೀದಿಗೆಲ್ಲ ಒಂದೇ ನಂಬರ್ ಅಂದ್ರಲ್ಲ, ಅದು ಇವತ್ತಿಗೆ ಸಾಕು. ಒಂದು ಬಾಗಿಲು ಮುರಿದ್ರೆ ಎಲ್ಲ ಮನೆಗೂ ನುಗ್ಗಬಹುದು ಅಂದ್ರೆ ಕಳ್ಳನಿಗೆ ಎಷ್ಟು ಸುಲಭ ನೋಡಿ."

ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಬಟನ್ ಫೋನ್ ಕೊಂಡು, ಪಕ್ಕದ ಆನ್‌ಲೈನ್ ಸೆಂಟರಿನಲ್ಲಿ ಹುಡುಗಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿದೆ. ಊಟದ ಹೊತ್ತು ಮೀರಿತ್ತು. ಅವಳು ತನ್ನ ಅರ್ಜಿ ನಂಬರ್, ಪಾಸ್‌ವರ್ಡ್ ಹಾಕಿ ಒತ್ತಿದಳು. ಒಟಿಪಿ ಕಳಿಸಿದ್ದೇವೆ ಅಂತ ಪರದೆಯ ಮೇಲೆ ಬಂತು. ಫೋನ್ ನನ್ನ ಅಂಗೈಯಲ್ಲಿ ಸತ್ತ ಹಾಗೆ ಬಿದ್ದಿತ್ತು.

"ದೊಡ್ಡಮ್ಮ?"

"ತಡಿ ಕಣವ್ವ."

ಮತ್ತೆ ಒತ್ತಿದಳು. ಬರಲಿಲ್ಲ. ಸೆಂಟರಿನವನು, ಎಲ್ಲರೂ ಕೊನೇ ದಿನವೇ ಬರುತ್ತಾರೆ, ಸರ್ವರ್ ಬಿಜಿ ಅಂತ ಆಕಳಿಸಿದ. ಹುಡುಗಿಯ ಕಾಲು ಮೇಜಿನ ಕೆಳಗೆ ಹೊಲಿಗೆ ಮೆಷಿನ್ ತುಳಿದ ಹಾಗೆ ಅಲುಗಾಡುತ್ತಿತ್ತು. ನಾನು ಫೋನನ್ನು ಕಿಟಕಿಯ ಹತ್ತಿರ ಹಿಡಿದೆ, ಬಾಗಿಲ ಹತ್ತಿರ ಹಿಡಿದೆ, ಕೊನೆಗೆ ರಸ್ತೆಗೇ ಇಳಿದೆ. ಅಲ್ಲಿ ಟಣ್ ಅಂತು. ಅದರ ಬೆನ್ನಿಗೇ ಮತ್ತೊಂದು ಟಣ್. ಎರಡೂ ಒಟ್ಟಿಗೆ ಬಂದಿದ್ದವು.

"ಯಾವ್ದಮ್ಮಿ ಹಾಕೋದು?"

"ಕಡೇದು ದೊಡ್ಡಮ್ಮ, ಕಡೇದು!"

ಹಾಕಿದಳು. ಚಕ್ರ ಸುತ್ತಿತು, ನಿಂತಿತು, ಹಸಿರು ಬಣ್ಣದಲ್ಲಿ ಏನೋ ಬಂತು. ಹುಡುಗಿ ಎರಡು ಸಲ ಓದಿದಳು. ಆಮೇಲೆ ನನ್ನ ಸೊಂಟ ತಬ್ಬಿಕೊಂಡು ಕೂತುಬಿಟ್ಟಳು. ಸೆಂಟರಿನವನು ಪ್ರಿಂಟು ತೆಗೆದು, "ಇನ್ನೆದ್ದೇಳವ್ವ, ಇಂದಗಡೆ ಕ್ಯೂ ಅದ" ಅನ್ನುವ ತನಕ ಬಿಡಲಿಲ್ಲ. ಏಳುವ ಮುಂಚೆ ಅಲ್ಲೇ ನನ್ನ ನಂಬರ್ ತೆಗೆಸಿ ಅವಳ ಅಮ್ಮನ ಹೆಸರಿನಲ್ಲಿದ್ದ ನಂಬರ್ ಹಾಕಿಸಿದೆ. ಅದು ಅಪ್ಪನ ಜೇಬಿನಲ್ಲಿರುವ ಫೋನು. ಇನ್ನು ಮೇಲೆ ಅದು ಮನೆಯಲ್ಲೇ ಇರಬೇಕು ಅಂತ ಆ ರಾತ್ರಿಯೇ ಅವಳ ಅಪ್ಪನಿಗೆ ಹೇಳಿದೆ. ಅವನು ಕೊಟ್ಟ.

ಅಷ್ಟು ದೂರ ಬಂದವರು ಚಂದಕವಾಡಿಗೆ ಹೋಗದೆ ಬರುವುದುಂಟೇ? ಬಾಳೆಹಣ್ಣು, ಹೂವು ಹಿಡಿದು ಅತ್ತೆಯ ಮನೆಗೆ ಹೋದೆವು. ಅವರು ಅರಿಶಿನದ ಹೊಲದಿಂದ ಆಗಷ್ಟೇ ಬಂದಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು. ಎಲ್ಲವನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಅವರ ಬೆನ್ನು ನೆಟ್ಟಗಾಯಿತು.

"ಅಂಗಾರ ನಾನು ಕ್ವಾಪ ಮಾಡ್ಕಂಡಿದ್ದು ಒಳ್ಳೇದೇ ಆಯ್ತು ಅನ್ನು."

"ಬಲು ಒಳ್ಳೇದಾಯ್ತು ಅತ್ತ."

"ಪೋಲೀಸ್ನೋರ್ಗ ಏಳ್ದಾ, ನಮ್ಮತ್ತ ಮುಟ್ಟಿಲ್ಲ ಅಂತ?"

"ಏಳ್ದಿ." ಹೇಳಿರಲಿಲ್ಲ. ಹೇಳಿದೆ ಅಂದದ್ದಕ್ಕೆ ಮುದ್ದೆ, ಹುರುಳಿಕಾಳು ಸಾರು ಬಂತು. ಹುಡುಗಿ ಎರಡು ಮುದ್ದೆ ಉಂಡಳು. ನರ್ಸಮ್ಮ ಅಂತ ತಿಳಿದ ಕೂಡಲೇ ಅತ್ತೆ ಅವಳಿಗೆ ತಮ್ಮ ಮಂಡಿನೋವು ತೋರಿಸಿದರು.

ಆಮೇಲಿನ ವಾರ ಬೀದಿಯ ಹೆಂಗಸರನ್ನೆಲ್ಲ ಪಾಸ್‌ಬುಕ್ ಸಮೇತ ಬ್ಯಾಂಕಿಗೆ ಕರೆದುಕೊಂಡು ಹೋದೆ. ಮ್ಯಾನೇಜರು ನಮ್ಮ ಸಾಲು ನೋಡಿ, "ಯಾವ ಸಂಘದೋರಮ್ಮ?" ಅಂದರು. ಒಂದೊಂದು ಖಾತೆಯಿಂದಲೂ ನನ್ನ ನಂಬರ್ ತೆಗೆಸಿದೆವು. ಹೂವಿನ ದುಡ್ಡಿನಲ್ಲಿ ಕೆಲವರು ಬಟನ್ ಫೋನ್ ಕೊಂಡರು. ಬೀದಿಯಲ್ಲಿ ಈಗ ಮೊದಲಿನಷ್ಟು ಗದ್ದಲ ಇಲ್ಲ. ಒಂದಷ್ಟು ದಿನ ಯಾರೂ ಕೂಗದಿದ್ದುದಕ್ಕೆ ನನಗೇ ಬೇಸರವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೊಲಿಗೆ ಬೇಗ ಮುಗಿಯತೊಡಗಿತು, ಅಳಿಸಿಹೋದ ಕಥೆಗಳಲ್ಲಿ ಎರಡನ್ನು ಮತ್ತೆ ಬರೆದೆ. ಮೊದಲಿಗಿಂತ ಚಿಕ್ಕದಾದವು, ಚೆನ್ನಾಗೇ ಇವೆ.

ಹುಡುಗಿ ಕಾಲೇಜಿಗೆ ಸೇರಿದಳು, ಹಾಸ್ಟೆಲಿನಲ್ಲಿದ್ದಾಳೆ. ಅಲ್ಲಿಗೆ ಹೋದ ದಿನ ಮಧ್ಯಾಹ್ನ ನನ್ನ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ನಾನು ಎತ್ತಲಿಲ್ಲ. ಮತ್ತೆ ಬಂತು. ಕಳ್ಳನಿಗೆ ಎಷ್ಟು ಧೈರ್ಯ ಅಂದುಕೊಂಡು ಆ ನಂಬರನ್ನು ಬ್ಲಾಕ್ ಮಾಡಿ, ಹೆಮ್ಮೆಯಿಂದ ಗಂಡನಿಗೂ ತೋರಿಸಿದೆ. ಸ್ವಲ್ಪ ಹೊತ್ತಿಗೆ ಎದುರು ಮನೆಯವಳು ಫೋನ್ ಹಿಡಿದುಕೊಂಡೇ ಬೀದಿ ದಾಟಿ ಬಂದಳು.

"ಅಕ್ಕ, ನಮ್ ಮಗ್ಳು ಒಸ ನಂಬರ್ ತಕಂಡವ್ಳೆ. ಮೊದ್ಲು ದೊಡ್ಡಮ್ಮಂಗೇ ಮಾಡ್ತೀನಿ ಅಂತ ಆಗ್ಲಿಂದ ಮಾಡ್ತಾ ಅವ್ಳಂತ. ನೀವು ಎತ್ತಾಕಿಲ್ವಂತ?"

ಅವಳ ಫೋನನ್ನೇ ಇಸಿದುಕೊಂಡು ಕಿವಿಗಿಟ್ಟೆ.

"ಏನಮ್ಮಿ, ಹಾಸ್ಟೆಲಲ್ಲಿ ಊಟ ಚೆನ್ನಾಗದಾ?"

"ಮೊದ್ಲು ನನ್ನ ಅನ್‌ಬ್ಲಾಕ್ ಮಾಡಿ ದೊಡ್ಡಮ್ಮ, ಆಮೇಲ್ ಹೇಳ್ತೀನಿ" ಅಂದಳು ನಮ್ಮ ನರ್ಸಮ್ಮ.